ನಡೆಯಲು ನೆಪ ಬೇಕೆ?

ವೈದ್ಯರು ನಮ್ಮ ಅತ್ತಿಗೆಯವರಿಗೆ, “ಅಮ್ಮಾ, ಇನ್ನು ಮುಂದೆ ನೀವು ದಿನವೂ ನಡೆಯಬೇಕು” ಎಂದರು. ಅತ್ತಿಗೆಯವರು ಗಂಭೀರವಾಗಿಯೇ, “ಎಲ್ಲಿಗೆ?” ಎಂದು ಕೇಳಿದರು. ವೈದ್ಯರು ನಕ್ಕರು, ಜೊತೆಗೆ ಹೋಗಿದ್ದ ನಾವೂ ನಕ್ಕೆವು. ಮನೆಗೆ ಮರಳುವ ದಾರಿಯಲ್ಲಿ ಆ ಪ್ರಶ್ನೆಯನ್ನು ಮತ್ತೆ ನೆನೆದಾಗ ನಮ್ಮ ನಗು ನಮಗೇ ಸರಿಕಾಣಲಿಲ್ಲ.

ಅತ್ತಿಗೆಯವರಿಗೆ ಈಗ ಎಪ್ಪತ್ತರ ಆಸುಪಾಸು. ಅಣ್ಣನವರು ಲಿಂಗೈಕ್ಯರಾದ ಮೇಲೆ ನಂಜನಗೂಡಿನ ಕಡೆಯ ಊರಮನೆಗೆ ಬೀಗ ಹಾಕಿ, ಮೈಸೂರಿನಲ್ಲಿ ಮಗನೊಡನೆ ಅಪಾರ್ಟ್‌ಮೆಂಟೊಂದರ ಮೂರನೆಯ ಅಂತಸ್ತಿನಲ್ಲಿ ನೆಲೆಸಿದ್ದಾರೆ. ಊರಿನಲ್ಲಿದ್ದಾಗ ಅವರು ದಿನಕ್ಕೆ ಎಷ್ಟು ದೂರ ನಡೆಯುತ್ತಿದ್ದರೆಂದು ಅಳೆದವರಿಲ್ಲ. ಹಟ್ಟಿಯಿಂದ ಬಾವಿಗೆ, ಬಾವಿಯಿಂದ ಹಿತ್ತಲಿಗೆ, ಬುತ್ತಿ ಹೊತ್ತು ಹೊಲಕ್ಕೆ, ಸಂಜೆ ದೀಪದ ಎಣ್ಣೆ ಹಿಡಿದು ಗುಡಿಗೆ. ಇದನ್ನು ಅವರು ನಡಿಗೆಯೆಂದು ಎಣಿಸಿದವರೇ ಅಲ್ಲ. ನಗರಕ್ಕೆ ಬಂದ ಮೇಲೆ ನೀರು ನಲ್ಲಿಯಲ್ಲಿ ಬಂತು, ಹಾಲು ಬಾಗಿಲಿಗೆ ಬಂತು, ತರಕಾರಿಯನ್ನು ಮೊಬೈಲಿನಲ್ಲಿ ಕರೆದರೆ ಹುಡುಗನೊಬ್ಬ ತಂದುಕೊಟ್ಟ. ಮಗ ಸೊಸೆ ಇಬ್ಬರೂ ಪ್ರೀತಿಯಿಂದ, “ಅಮ್ಮ, ನೀವು ಜೀವಮಾನವೆಲ್ಲ ದುಡಿದಿದ್ದೀರಿ, ಇನ್ನು ಕೂತಿರಿ” ಎಂದರು. ಅವರು ಕೂತರು. ಎರಡು ವರ್ಷಗಳಲ್ಲಿ ಮಂಡಿ ಊದಿಕೊಂಡಿತು, ಮೈ ಭಾರವಾಯಿತು, ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಯಾರ ತಪ್ಪೂ ಇಲ್ಲ. ಎಲ್ಲವೂ ಪ್ರೀತಿಯಿಂದಲೇ ಆದದ್ದು.

ಅವರ “ಎಲ್ಲಿಗೆ?” ಎಂಬ ಪ್ರಶ್ನೆಯಲ್ಲಿ ಒಂದು ಇಡೀ ಬದುಕಿನ ಕ್ರಮವೇ ಅಡಗಿದೆ. ನಡೆಯುವುದೆಂದರೆ ಎಲ್ಲಿಗೋ ಹೋಗುವುದು, ಏನನ್ನೋ ತರುವುದು, ಯಾರನ್ನೋ ಕಾಣುವುದು. ಬರಿಗೈಯಲ್ಲಿ ಹೊರಟು, ಒಂದು ಸುತ್ತು ಬಂದು, ಹೊರಟಲ್ಲಿಗೇ ಬರಿಗೈಯಲ್ಲಿ ಮರಳುವುದು ಅವರ ಕಣ್ಣಿಗೆ ಸೋಮಾರಿಗಳ ಲಕ್ಷಣ. ಕಾಯಕವನ್ನೇ ಹಿರಿದೆಂದು ನಂಬಿದ ಮನೆತನಗಳಲ್ಲಿ ಈ ಸಂಕೋಚ ಇನ್ನೂ ಗಾಢವಾಗಿರುತ್ತದೆ. ನಮ್ಮ ಓದುಗರಲ್ಲಿಯೂ ಎಷ್ಟೋ ಹಿರಿಯರು, ವಿಶೇಷವಾಗಿ ಹಳ್ಳಿಯಿಂದ ನಗರಕ್ಕೆ ಬಂದ ತಾಯಂದಿರು, ವಾಯುವಿಹಾರ ಪಥಕ್ಕೆ ಕಾಲಿಡದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಸೋಮಾರಿಗಳೆನಿಸಿಕೊಳ್ಳುವ ಅಂಜಿಕೆ. ಅವರಿಗಾಗಿಯೇ ಈ ಲೇಖನ. ಅವರನ್ನು ಮನೆಯಲ್ಲಿ ಕೂರಿಸಿರುವ ಮಕ್ಕಳಿಗಾಗಿಯೂ ಹೌದು.

ದುಡಿಮೆಯೊಳಗಿನ ನಡಿಗೆ ದೇಹವನ್ನು ಹೇಗೆ ಕಾಯುತ್ತದೆಂಬುದನ್ನು ಆಧುನಿಕ ವೈದ್ಯವಿಜ್ಞಾನ ಕಂಡುಕೊಂಡ ಪ್ರಸಂಗವೇ ಸ್ವಾರಸ್ಯಕರವಾದುದು. ಇಂಗ್ಲೆಂಡಿನ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಭ್ಯಾಸ ಮಾಡಿ 1953ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಸಂಸಾರಗಳು. ಆದರೆ ಚಾಲಕ ದಿನವಿಡೀ ಕುಳಿತಿರುತ್ತಾನೆ, ನಿರ್ವಾಹಕ ಟಿಕೆಟು ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾನೆ. ಹೃದಯಾಘಾತ ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಗಮನಾರ್ಹವಾಗಿ ಕಡಿಮೆ ಎಂಬುದು ಅವರಿಗೆ ಕಂಡಿತು. ನಡೆದು ಪತ್ರ ಹಂಚುವ ಅಂಚೆಯವರನ್ನೂ ಕುಳಿತು ಬರೆಯುವ ಗುಮಾಸ್ತರನ್ನೂ ಹೋಲಿಸಿದಾಗಲೂ ಇದೇ ಅಂತರ ಕಾಣಿಸಿತು. ಆ ನಿರ್ವಾಹಕರಾಗಲಿ ಅಂಚೆಯವರಾಗಲಿ ವ್ಯಾಯಾಮ ಮಾಡುತ್ತಿದ್ದೇವೆಂದು ಭಾವಿಸಿದವರಲ್ಲ. ಅವರ ಕೆಲಸದಲ್ಲಿಯೇ ಔಷಧವಿತ್ತು. (ಮಾರಿಸ್ ಅವರು ತಮ್ಮ ಸಂಶೋಧನೆಯನ್ನು ತಾವೇ ನಂಬಿ ಕೊನೆಯವರೆಗೂ ಚಟುವಟಿಕೆಯಿಂದಿದ್ದು, 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.)

ನಮ್ಮ ಅತ್ತಿಗೆಯವರು ಊರಿನಲ್ಲಿ ನಿರ್ವಾಹಕರಾಗಿದ್ದರು. ನಗರಕ್ಕೆ ಬಂದು ಚಾಲಕರಾದರು. ಅವರೊಬ್ಬರ ಕಥೆಯೂ ಅಲ್ಲ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಹಳ್ಳಿಗಳಲ್ಲಿ ನೂರು ಮಂದಿ ವಯಸ್ಕರಲ್ಲಿ ಸುಮಾರು 9 ಜನರಿಗೆ ಈ ವ್ಯಾಧಿಯಿದ್ದರೆ ನಗರಗಳಲ್ಲಿ 16 ಜನರಿಗೆ ಇದೆ. ಹಳ್ಳಿಗೂ ನಗರಕ್ಕೂ ನಡುವಣ ವ್ಯತ್ಯಾಸದಲ್ಲಿ ಊಟದ ಪಾಲೂ ಇದೆ, ಚಿಂತೆಯ ಪಾಲೂ ಇದೆ. ಆದರೆ ಕಾಲುಗಳ ಪಾಲು ಚಿಕ್ಕದಲ್ಲ.

ಕಾಲು ನಡೆದರೆ ಸಕ್ಕರೆ ಏಕೆ ಇಳಿಯಬೇಕು? ನಮ್ಮ ದೇಹದ ಅತಿ ದೊಡ್ಡ ಮಾಂಸಖಂಡಗಳು ಇರುವುದು ತೊಡೆ, ನಿತಂಬ ಮತ್ತು ಮೀನಖಂಡಗಳಲ್ಲಿ. ಸಾಮಾನ್ಯವಾಗಿ ರಕ್ತದ ಸಕ್ಕರೆ ಈ ಖಂಡಗಳೊಳಗೆ ಪ್ರವೇಶಿಸಲು ಇನ್ಸುಲಿನ್ ಬಾಗಿಲು ತೆರೆಯಬೇಕು; ಮಧುಮೇಹಿಗಳಲ್ಲಿ ಆ ಬಾಗಿಲು ಬಿಗಿದುಕೊಂಡಿರುತ್ತದೆ. ಆದರೆ ಮಾಂಸಖಂಡ ಕೆಲಸ ಮಾಡತೊಡಗಿದಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಮತ್ತೊಂದು ಬಾಗಿಲನ್ನು ತೆರೆದು ಸಕ್ಕರೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಅಡ್ಡಾಡಿದರೂ ಊಟದ ನಂತರ ಏರುವ ಸಕ್ಕರೆಯ ಮಟ್ಟ ತಗ್ಗುವುದು ಈ ಕಾರಣದಿಂದ. ನಡಿಗೆಯ ಈ ಪ್ರಭಾವ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂದು ವೈದ್ಯರು ಹೇಳುತ್ತಾರೆ. ಭಾನುವಾರವೊಂದೇ ದಿನ ವಾರದ ನಡಿಗೆಯನ್ನೆಲ್ಲ ಮುಗಿಸುವವರು ಇದನ್ನು ಗಮನಿಸಬೇಕು. ಇನ್ನು ಮೀನಖಂಡಗಳನ್ನು ಎರಡನೆಯ ಹೃದಯವೆಂದೇ ಕರೆಯುವುದುಂಟು. ಕಾಲಿನ ರಕ್ತ ಮೇಲಕ್ಕೇರುವುದು ಅವು ಹಿಂಡುವುದರಿಂದ. ದಿನವಿಡೀ ಕುಳಿತವರ ಪಾದ ಸಂಜೆಗೆ ಊದಿಕೊಳ್ಳುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಸರಿ, ನಡೆಯಬೇಕು. ಎಲ್ಲಿಗೆ?

ಮೈಸೂರಿನವರಾದ ನಮಗೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವಿಲ್ಲ. ಪೂರ್ವಿಕರು ಕಟ್ಟಿಟ್ಟು ಹೋಗಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ನಗರದಾಚೆಯ ಜಮೀನುಗಳಿಗೆ ನೀರುಣಿಸಲು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಇಂದು ಮಾನಸಗಂಗೋತ್ರಿಯ ಮಡಿಲಲ್ಲಿದೆ. ಅದರ ಏರಿಯ ಮೇಲಿನಿಂದ ಆರಂಭಿಸಿ ಮರಗಳ ನೆರಳಿನ ಮಣ್ಣಿನ ಹಾದಿಯಲ್ಲಿ ಪೂರ್ತಿ ಒಂದು ಸುತ್ತು ಬರಲು ಸಾಧಾರಣ ನಡಿಗೆಯವರಿಗೆ ಒಂದು ಗಂಟೆ ಹಿಡಿಯುತ್ತದೆ. ಒಂಟಿಕೊಪ್ಪಲಿನ ‘ಉದಯರವಿ’ಯಿಂದ ಹೊರಟು ಕುವೆಂಪು ಅವರು ವಾಯುಸೇವನೆಗೆ ಬರುತ್ತಿದ್ದ ಕೆರೆ ಇದು; ಅವರ ಎಷ್ಟೋ ಕವಿತೆಗಳಿಗೆ ಇದರ ನೀರು, ಬೆಳಕು, ಹಕ್ಕಿಗಳು ಹೊಕ್ಕಿವೆ. ಆರ್. ಕೆ. ನಾರಾಯಣ್ ಅವರೂ ತಮ್ಮ ಆತ್ಮಕಥೆಯಲ್ಲಿ ಈ ಕೆರೆಯ ನಡಿಗೆಯನ್ನು ನೆನೆದಿದ್ದಾರೆ. ಬರಿಗೈಯಲ್ಲಿ ಸುತ್ತುವವರೆಲ್ಲ ಸೋಮಾರಿಗಳಲ್ಲವೆಂಬುದಕ್ಕೆ ಇವರಿಬ್ಬರಿಗಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ. ಹೆಜ್ಜಾರ್ಲೆಗಳು ರೆಕ್ಕೆಯಗಲಿಸಿ ನೀರಿಗಿಳಿಯುವುದನ್ನು ನೋಡಲು ದೂರದ ಊರಿನವರು ದುರ್ಬೀನು ಹಿಡಿದು ಬರುತ್ತಾರೆ. ಎರಡು ಬೀದಿಯಾಚೆ ಇರುವವರು ಆ ಹೊತ್ತಿನಲ್ಲಿ ದೂರದರ್ಶನದ ಮುಂದಿರುತ್ತಾರೆ.

ನಗರದ ನೈಋತ್ಯಕ್ಕೆ ಲಿಂಗಾಂಬುಧಿ ಕೆರೆಯಿದೆ. ಅದನ್ನು ಅದೇ ಅರಸರು 1828ರಲ್ಲಿ ಕಟ್ಟಿಸಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರನ್ನು ಅಲ್ಲಿ ನಿಲ್ಲಿಸಿದರು. ರಾಮಕೃಷ್ಣನಗರ, ಶ್ರೀರಾಂಪುರದ ಕಡೆಯವರಿಗೆ ಅದು ಹತ್ತಿರ. ಬೆಟ್ಟದ ಅಡಿಯಲ್ಲಿರುವವರಿಗೆ ದೊಡ್ಡ ದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಮಾಡಿಸಿದ ಸಾವಿರ ಮೆಟ್ಟಿಲುಗಳಿವೆ, ನಡುದಾರಿಯಲ್ಲಿ ದಣಿವಾರಿಸಿಕೊಳ್ಳಲು ಮಹಾನಂದಿಯ ಸನ್ನಿಧಿಯಿದೆ. ಆದರೆ ಮಂಡಿನೋವಿನವರು, ಎದೆನೋವಿನವರು, ಹೊಸದಾಗಿ ಆರಂಭಿಸುವವರು ಮೆಟ್ಟಿಲುಗಳ ಗೊಡವೆಗೆ ಹೋಗಬಾರದು. ಏರುವಾಗ ಹೃದಯಕ್ಕೆ ಭಾರ, ಇಳಿಯುವಾಗ ಮಂಡಿಗೆ ಭಾರ. ಹಬ್ಬದ ದಿನ ಹರಕೆಗೆಂದು ಏರುವುದು ಬೇರೆ ಮಾತು. ಕಾರಂಜಿ ಕೆರೆ ಸುಂದರವಾದದ್ದೇ, ಅಲ್ಲಿಗೆ ಟಿಕೆಟ್ ಉಂಟು. ಇವೆಲ್ಲ ದೂರವೆನ್ನುವವರಿಗೆ ಬಡಾವಣೆಯ ಉದ್ಯಾನವಿದ್ದೇ ಇದೆ. ಬೇರೆ ಊರುಗಳ ಭಕ್ತರು ತಮ್ಮ ತಮ್ಮ ಕೆರೆಯ ಹೆಸರನ್ನು ಇಲ್ಲಿ ಸೇರಿಸಿಕೊಂಡು ಓದಬಹುದು: ಹುಬ್ಬಳ್ಳಿಯವರಿಗೆ ಉಣಕಲ್ಲು, ಧಾರವಾಡದವರಿಗೆ ಸಾಧನಕೇರಿ, ದಾವಣಗೆರೆಯವರಿಗೆ ಕುಂದವಾಡ, ಕಲಬುರಗಿಯವರಿಗೆ ಅಪ್ಪನ ಕೆರೆ. ನಮ್ಮ ನಾಡಿನಲ್ಲಿ ಕೆರೆಯಿಲ್ಲದ ಊರು ಅಪರೂಪ. ಕೆರೆಯಿದ್ದಲ್ಲಿ ಏರಿ ಇದ್ದೇ ಇರುತ್ತದೆ.

ಒಂದು ವಿಚಿತ್ರವನ್ನು ನಾವು ಬಹುಕಾಲದಿಂದ ನೋಡುತ್ತಿದ್ದೇವೆ. ಶಿವರಾತ್ರಿಗೆ ಮಲೆಯ ಮಹದೇಶ್ವರ ಬೆಟ್ಟಕ್ಕೆ ಕಾಡುದಾರಿಯಲ್ಲಿ ಹಗಲಿರುಳು ನಡೆದು ಹೋಗುವ ಭಕ್ತರು, ಊರಿಗೆ ಮರಳಿದ ಮಾರನೆಯ ದಿನ ಬೀದಿಯ ಕೊನೆಯ ಹಾಲಿನ ಬೂತಿಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಕಾಲಿಗೆ ಶಕ್ತಿಯಿಲ್ಲವೆಂದಲ್ಲ. ಪಾದಯಾತ್ರೆಗೆ ಗುರಿಯಿದೆ, ಹಾಲಿನ ಬೂತಿಗೆ ಅವಸರವಿದೆ. ಇವೆರಡರ ನಡುವಣ ದಿನನಿತ್ಯದ ನಡಿಗೆಗೆ ಮಾತ್ರ ಮನಸ್ಸಿನಲ್ಲಿ ಜಾಗವಿಲ್ಲ. ಕೆರೆಯ ಹಾದಿಗೆ ಕಾರಿನಲ್ಲಿ ಬಂದು, ಬಾಗಿಲಿಗೆ ಅಡ್ಡವಾಗಿ ಅದನ್ನು ನಿಲ್ಲಿಸಿ, ಎರಡು ಫರ್ಲಾಂಗು ನಡೆದು, ಮತ್ತೆ ಕಾರಿನಲ್ಲಿ ಇಡ್ಲಿ ಅಂಗಡಿಗೆ ಹೋಗುವವರನ್ನು ಕುರಿತು ನಾವೇನೂ ಹೇಳುವುದಿಲ್ಲ.

ಬೇರೆಯವರನ್ನು ಹೇಳುವ ಮೊದಲು ನಮ್ಮದನ್ನೂ ಹೇಳಿಬಿಡೋಣ. ಕೆಲವು ವರ್ಷಗಳ ಹಿಂದೆ ನಮಗೂ ರಕ್ತದೊತ್ತಡವೆಂದು ತಿಳಿದಾಗ ದೊಡ್ಡ ಉತ್ಸಾಹದಿಂದ ನಡಿಗೆಯ ಯಂತ್ರವೊಂದನ್ನು ಕೊಂಡುತಂದೆವು. ಮೊದಲ ತಿಂಗಳು ಅದರ ಮೇಲೆ ನಡೆದೆವು. ಎರಡನೆಯ ತಿಂಗಳಿನಲ್ಲಿ ಒದ್ದೆ ಟವೆಲು ಅದರ ಮೇಲೆ ಬಂತು, ಆಮೇಲೆ ಶಾಲು, ಆಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆಗಳು. ಯಂತ್ರದಲ್ಲಿ ದೋಷವಿರಲಿಲ್ಲ. ಗೋಡೆಯನ್ನು ನೋಡುತ್ತ ನಡೆಯುವುದು ನಮ್ಮಂಥವರ ಸ್ವಭಾವಕ್ಕೆ ಒಗ್ಗುವುದಿಲ್ಲ, ಅಷ್ಟೆ. ಸಾರ್ವಜನಿಕ ಹಾದಿಯಲ್ಲಿ ಅದಲ್ಲದ ಒಂದು ಅನುಕೂಲವಿದೆ: ಒಂದು ದಿನ ತಪ್ಪಿಸಿದರೆ ಮಾರನೆಯ ದಿನ ಯಾರಾದರೊಬ್ಬರು, “ನಿನ್ನೆ ಕಾಣಲಿಲ್ಲವಲ್ಲ” ಎನ್ನುತ್ತಾರೆ. ಆ ಒಂದು ಮಾತಿಗೆ ಅಂಜಿ ಎಷ್ಟು ಮುಂಜಾವಿನಲ್ಲಿ ನಾವು ಹಾಸಿಗೆ ಬಿಟ್ಟೆದ್ದಿದ್ದೇವೋ ಲೆಕ್ಕವಿಲ್ಲ. ನಮ್ಮ ಯಂತ್ರ ಆ ಮಾತನ್ನು ಎಂದೂ ಕೇಳಲಿಲ್ಲ.

“ಹತ್ತು ಸಾವಿರ ಹೆಜ್ಜೆ ಹಾಕದಿದ್ದರೆ ಉಪಯೋಗವಿಲ್ಲವಂತೆ” ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಇದನ್ನು ಕೇಳಿ ಹೊರಡುವ ಮೊದಲೇ ಕೈಚೆಲ್ಲಿದವರನ್ನೂ ನಾವು ಬಲ್ಲೆವು. ಈ ಹತ್ತು ಸಾವಿರ ವೈದ್ಯರು ಗೊತ್ತುಮಾಡಿದ ಸಂಖ್ಯೆಯೇ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆಯೆಣಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿತು. ಆ ಹೆಸರೇ ವಿಶ್ವಕ್ಕೆಲ್ಲ ನಿಯಮವಾಗಿ ಹಬ್ಬಿತು. ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವೃದ್ಧ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ. ಐದು ದಿನ, ದಿನಕ್ಕೆ ಅರ್ಧ ಗಂಟೆ. ಅದನ್ನೂ ಒಮ್ಮೆಗೇ ಮಾಡಬೇಕೆಂದಿಲ್ಲ, ಬಿಡಿಬಿಡಿಯಾಗಿ ಮಾಡಿದ್ದೂ ಲೆಕ್ಕಕ್ಕೆ ಸೇರುತ್ತದೆ. ಮಧ್ಯಮ ವೇಗವೆಂದರೆ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೆಳಿಗ್ಗೆ ಆರರಿಂದ ಎಂಟರವರೆಗೆ ಯಾವ ಊರಿನ ವಾಯುವಿಹಾರ ಪಥದಲ್ಲಾದರೂ ನಿಂತು ನೋಡಿ. ನಿವೃತ್ತರಾದ ಗಂಡಸರು ಗುಂಪುಗುಂಪಾಗಿ ರಾಜಕೀಯ ಚರ್ಚಿಸುತ್ತ ಸಾಗುತ್ತಾರೆ. ಅವರ ಮನೆಯ ಹೆಂಗಸರು ಎಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2022ನೆಯ ವರ್ಷಕ್ಕೆ ಮಾಡಿದ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಪುರುಷರಲ್ಲಿ ಇದು ಶೇಕಡಾ 42, ಮಹಿಳೆಯರಲ್ಲಿ ಶೇಕಡಾ 57. “ನಮ್ಮ ಮನೆಯವರು ದಿನವಿಡೀ ಕೆಲಸ ಮಾಡುತ್ತಲೇ ಇರುತ್ತಾರೆ, ಅವರಿಗೆ ಬೇರೆ ವ್ಯಾಯಾಮವೇಕೆ?” ಎನ್ನುವವರಿದ್ದಾರೆ. ಒರಳು, ಬೀಸುಕಲ್ಲು, ಬಾವಿಯ ಹಗ್ಗ ಇದ್ದ ಕಾಲಕ್ಕೆ ಈ ಮಾತು ಸಲ್ಲುತ್ತಿತ್ತು. ಇಂದಿನ ಅಡುಗೆಮನೆ ಹೆಂಗಸನ್ನು ನಿಲ್ಲಿಸಿಯೇ ದಣಿಸುತ್ತದೆ, ನಡೆಸುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ಅವರು ನಡಿಗೆಗೆ ಬರುವುದಿಲ್ಲವೇಕೆಂದರೆ ಆ ಹೊತ್ತಿಗೆ ಮಕ್ಕಳ ಊಟದ ಡಬ್ಬಿ ತುಂಬಬೇಕು, ನಡಿಗೆ ಮುಗಿಸಿ ಬರುವ ಯಜಮಾನರಿಗೆ ಕಾಫಿ ತಿಂಡಿ ಸಿದ್ಧವಾಗಿರಬೇಕು. ಒಬ್ಬರ ಆರೋಗ್ಯ ಇನ್ನೊಬ್ಬರು ಒಲೆಯ ಮುಂದೆ ನಿಂತದ್ದರಿಂದ ಬಂದದ್ದು. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ಉಪ್ಪಿಟ್ಟಿನ ಬಾಣಲೆಯ ಮುಂದೆ ಅದನ್ನು ಮರೆಯುತ್ತೇವೆ. ವಾರದಲ್ಲಿ ಮೂರು ದಿನ ಯಜಮಾನರು ಒಲೆ ಹಚ್ಚಿ, ಮನೆಯಾಕೆಯನ್ನು ಕೆರೆಯ ಹಾದಿಗೆ ಕಳುಹಿಸಲಿ. ಮೊದಮೊದಲು ಉಪ್ಪಿಟ್ಟು ಗಂಟುಗಂಟಾದೀತು. ಅದರಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ.

ಹೆಂಗಸರ ವಿಷಯದಲ್ಲಿ ನಗರಾಡಳಿತಗಳ ಹೊಣೆಯೂ ಇದೆ. ವಾಯುವಿಹಾರ ಪಥವೆಂದರೆ ಬಣ್ಣದ ಕಲ್ಲು ಹಾಸಿ, ದ್ವಾರಕ್ಕೊಂದು ಕಮಾನು ಕಟ್ಟಿ, ಉದ್ಘಾಟನೆಯ ಫಲಕ ನೆಟ್ಟರೆ ಮುಗಿಯಿತೆಂಬ ಭಾವನೆ ಇನ್ನೂ ಹೋಗಿಲ್ಲ. ಶುಚಿಯಾದ ಶೌಚಾಲಯವಿಲ್ಲದ ಪಥ ವಯಸ್ಸಾದ ಹೆಂಗಸರ ಪಾಲಿಗೆ, ಮಧುಮೇಹಿಗಳ ಪಾಲಿಗೆ, ಮೂತ್ರಕ್ಕೆ ಹೋಗುವ ಮಾತ್ರೆ ನುಂಗುವ ರಕ್ತದೊತ್ತಡದವರ ಪಾಲಿಗೆ ಅರ್ಧ ಮುಚ್ಚಿದ ಬಾಗಿಲೇ ಸರಿ. ಇನ್ನೂರು ಹೆಜ್ಜೆಗೊಂದು ಬೆಂಚು ಬೇಕು, ಏಕೆಂದರೆ ಮಂಡಿನೋವಿನವರು ದೂರವನ್ನು ಬೆಂಚುಗಳಲ್ಲಿ ಅಳೆಯುತ್ತಾರೆ. ಮುಸ್ಸಂಜೆಗೆ ದೀಪ ಬೇಕು. ಇವನ್ನು ಕೇಳುವ ಹಕ್ಕು ಬಳಸುವವರಿಗೆ ಬರುತ್ತದೆ. ಜನ ಓಡಾಡದ ಹಾದಿಯನ್ನು ಮುಳ್ಳು ಆವರಿಸುತ್ತದೆ, ಕಸದ ಲಾರಿ ಹುಡುಕಿಕೊಂಡು ಬರುತ್ತದೆ, ಕೊನೆಗೆ ಯಾರದೋ ಬೇಲಿ ಒಂದೊಂದೇ ಗಜ ಮುಂದಕ್ಕೆ ಸರಿಯುತ್ತದೆ. ನಾಡಿನ ಎಷ್ಟು ಕೆರೆಯಂಗಳಗಳು ಹೀಗೆ ನಿವೇಶನಗಳಾದವೆಂಬುದನ್ನು ಹಿರಿಯರು ಬಲ್ಲರು. ದಿನವೂ ನೂರು ಜನ ನಡೆಯುವ ಏರಿಗೆ ಕಾವಲುಗಾರ ಬೇಕಾಗುವುದಿಲ್ಲ.

ನಡೆಯುವವರೂ ಹಾದಿಯ ಮರ್ಯಾದೆ ಕಾಯಬೇಕು. ಮೊಬೈಲಿನಲ್ಲಿ ಹಾಡನ್ನೋ ಪ್ರವಚನವನ್ನೋ ಗಟ್ಟಿಯಾಗಿ ಹಾಕಿಕೊಂಡು ಬರುವುದು ಸಲ್ಲದು. ಪ್ರವಚನವೆಂಬ ಕಾರಣಕ್ಕೆ ಹಕ್ಕಿಗಳಿಗೆ ಅದು ಹಿತವಾಗುವುದಿಲ್ಲ.

ಹೊಸದಾಗಿ ಹೊರಡುವವರಿಗೆ ನಾಲ್ಕಾರು ಎಚ್ಚರಿಕೆಗಳನ್ನು ಹೇಳಲೇಬೇಕು, ಇಲ್ಲದಿದ್ದರೆ ನಮ್ಮ ಪ್ರೋತ್ಸಾಹ ಅಪಾಯಕ್ಕೆ ದಾರಿಯಾದೀತು. ಹೃದ್ರೋಗವಿರುವವರು ಮೊದಲು ತಮ್ಮ ವೈದ್ಯರನ್ನು ಕಾಣಲಿ. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ಉಸಿರು ಕಟ್ಟಿದರೆ, ತಣ್ಣನೆಯ ಬೆವರು ಬಂದರೆ ಅಲ್ಲಿಯೇ ಕುಳಿತುಬಿಡಿ. ವಾಯುವಿನ ಬಾಧೆಯೆಂದು ಮನೆಗೆ ನಡೆದು ಹೋಗಬೇಡಿ. ಪಕ್ಕದವರಿಗೆ ಹೇಳಿ ಆಸ್ಪತ್ರೆ ಸೇರಿ. ಮಾಗಿಯ ಚಳಿಯಲ್ಲಿ ನಸುಕಿನಲ್ಲೇ ಹೋಗಬೇಕೆಂದಿಲ್ಲ, ಬಿಸಿಲು ಮೂಡಿದ ಮೇಲೆ ಹೋದರೂ ಪುಣ್ಯ ಕಡಿಮೆಯಾಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ಸೇವಿಸುವವರು ಬರಿಹೊಟ್ಟೆಯಲ್ಲಿ ದೂರ ನಡೆದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಸ್ವಲ್ಪ ಸಕ್ಕರೆಯಿರಲಿ.

ಪಾದಗಳ ಬಗ್ಗೆ ಇನ್ನೊಂದು ಮಾತು. ಬರಿಗಾಲಿನಲ್ಲಿ ನಡೆಯುವುದು ಶ್ರೇಷ್ಠವೆಂಬ ನಂಬಿಕೆ ಭಕ್ತರಲ್ಲಿ ಬಲವಾಗಿದೆ. ಬಹುಕಾಲ ಮಧುಮೇಹವಿದ್ದವರಲ್ಲಿ ಪಾದದ ಸ್ಪರ್ಶಜ್ಞಾನ ಮಂದವಾಗಿರುತ್ತದೆ. ಮುಳ್ಳು ಚುಚ್ಚಿದರೂ, ಕಾದ ಕಲ್ಲು ಸುಟ್ಟರೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗಾಯ ಕೊಳೆತಿರುತ್ತದೆ, ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗುತ್ತದೆ. ನಮಗೆ ಪರಿಚಿತರಾದ ಹಿರಿಯರೊಬ್ಬರು ಜಾತ್ರೆಯಲ್ಲಿ ಬರಿಗಾಲಲ್ಲಿ ನಡೆದು ಬಂದು, ಕಾಲ ಹೆಬ್ಬೆರಳನ್ನು ಹೀಗೆಯೇ ಕಳೆದುಕೊಂಡರು. ಮಧುಮೇಹಿಗಳು ಹತ್ತಿಯ ಕಾಲುಚೀಲ, ಬೆರಳು ಒತ್ತದ ಮೆತ್ತನೆಯ ಬೂಟು ಧರಿಸಿಯೇ ನಡೆಯಬೇಕು. ರಾತ್ರಿ ಮಲಗುವ ಮೊದಲು ಅಂಗಾಲನ್ನೂ ಬೆರಳ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಾಗಲಾರದವರು ಮೊಮ್ಮಕ್ಕಳಿಗೆ ಆ ಕೆಲಸ ಒಪ್ಪಿಸಲಿ. ಇದರಲ್ಲಿ ಭಕ್ತಿಗೆ ಚ್ಯುತಿಯಿಲ್ಲ.

ಅತ್ತಿಗೆಯವರನ್ನು ಕುಕ್ಕರಹಳ್ಳಿ ಕೆರೆಗೆ ಮೊದಲ ದಿನ ಕರೆದೊಯ್ದಾಗ ಅವರು ಕೈಯಲ್ಲೊಂದು ಚೀಲ ಹಿಡಿದು ಬಂದರು. ಖಾಲಿ ಚೀಲ. “ಯಾರಾದರೂ ಕಂಡರೆ ತರಕಾರಿಗೆ ಹೊರಟಿದ್ದೆ ಅನ್ನಬಹುದಲ್ಲ” ಎಂದರು. ಆ ದಿನ ಬಾಗಿಲಿನಿಂದ ಮೊದಲ ಬೆಂಚಿನವರೆಗೆ ಹೋಗಿ, ಹತ್ತು ನಿಮಿಷ ಕುಳಿತು, ಮರಳಿದೆವು. ಎರಡನೆಯ ವಾರ ಮೂರನೆಯ ಬೆಂಚು. ಅಲ್ಲಿ ಅವರಿಗೆ ತಿ. ನರಸೀಪುರದ ಕಡೆಯ ಒಬ್ಬ ತಾಯಿ ಗೆಳತಿಯಾದರು. ಅವರ ಕೈಯಲ್ಲೂ ಖಾಲಿ ಚೀಲವಿತ್ತಂತೆ. ಅಂದಿನಿಂದ ನಮ್ಮ ಜೊತೆ ಅವರಿಗೆ ಬೇಕಾಗಲಿಲ್ಲ. ಪೂರ್ತಿ ಸುತ್ತು ಬರಲು ಐದು ತಿಂಗಳು ಹಿಡಿಯಿತು.

ಅವರ ಸಕ್ಕರೆ ಪೂರ್ತಿ ಹತೋಟಿಗೆ ಬಂದಿದೆಯೆಂದು ಹೇಳಲಾರೆವು. ಒಂದು ಮಾತ್ರೆ ಕಡಿಮೆಯಾಗಿದೆ, ಮಂಡಿಯ ಊತ ಇಳಿದಿದೆ, ರಾತ್ರಿ ನಿದ್ರೆ ಬರುತ್ತಿದೆ. ಮಗ ಈಗ ಬೆಳಗಿನ ಕಾಫಿಯನ್ನು ತಾನೇ ಮಾಡಿಕೊಳ್ಳುತ್ತಾನೆ. ಮೊನ್ನೆ ತಪಾಸಣೆಗೆ ಹೋದಾಗ ವೈದ್ಯರು, “ದಿನಾ ನಡೆಯುತ್ತೀರಾ ಅಮ್ಮಾ?” ಎಂದು ಕೇಳಿದರು. ಅತ್ತಿಗೆಯವರು, “ನಡೆಯುವುದೇನು ಬಂತು, ಕೆರೆಗೆ ಹೋಗಿಬರುತ್ತೇನೆ” ಎಂದರು. ಚೀಲ ಇನ್ನೂ ಅವರ ಕೈಯಲ್ಲಿದೆ; ಈಗ ಅದರಲ್ಲಿ ನೀರಿನ ಬಾಟಲಿ, ಸಕ್ಕರೆಯ ಪೊಟ್ಟಣ, ಮರಳುವಾಗ ದಾರಿಯಲ್ಲಿ ಕೊಂಡ ದಂಟಿನ ಸೊಪ್ಪು ಇರುತ್ತವೆ.